ಆನ್‌ಲೈನ್‌ನಲ್ಲಿ ತರಿಸಿದ ಬಾಗಿಲ ಲಾಕ್ ಹೇಳಿದಂತೆ ಬರಲಿಲ್ಲವೇ? ಬಾಗಿಲಿಗೆ ಉಳಿ ತಾಗುವ ಮೊದಲು ಮಾಡಬೇಕಾದ ಕೆಲಸಗಳು

ಶರ್ಟಿನ ಬಣ್ಣ ಬೇರೆ ಬಂದರೆ ಮಡಚಿ ವಾಪಸ್ ಕಳಿಸಿದರಾಯಿತು. ಬಾಗಿಲ ಲಾಕ್ ಹಾಗಲ್ಲ. ಅದನ್ನು ಕೂರಿಸಲು ಬಡಗಿ ಬಾಗಿಲಿನ ಅಂಚಿನಲ್ಲಿ ಉಳಿಯಿಂದ ಗೂಡು ತೆಗೆಯಬೇಕು, ಎರಡೂ ಕಡೆ ತೂತು ಕೊರೆಯಬೇಕು. ಅಷ್ಟೆಲ್ಲ ಆದಮೇಲೆ ಲಾಕ್ ತಪ್ಪು ಅಂತ ಗೊತ್ತಾದರೆ ನಷ್ಟ ಎರಡು ಕಡೆ. ಲಾಕ್ ಮೇಲೆ ಸ್ಕ್ರೂ ಗುರುತು ಬಿದ್ದಿರುತ್ತದೆ, ಮಾರಿದವರು ‘ಬಳಸಿದ ಮಾಲು’ ಅನ್ನುತ್ತಾರೆ. ಬಾಗಿಲಿಗೂ ಬೇಡದ ಜಾಗದಲ್ಲಿ ತೂತು ಬಿದ್ದಿರುತ್ತದೆ.

ಹಾಗಾಗಿ ಈ ಬರಹದಲ್ಲಿ ಅಳತೆಗೇ ಜಾಸ್ತಿ ಜಾಗ ಕೊಟ್ಟಿದ್ದೇನೆ. ಲಾಕ್ ಬಾಕ್ಸಿನಲ್ಲಿ ಇರುವಾಗಲೇ ಪುಟದಲ್ಲಿ ಹೇಳಿದ್ದನ್ನೂ ಕೈಗೆ ಬಂದದ್ದನ್ನೂ ಸ್ಕೇಲ್ ಹಿಡಿದು ಹೋಲಿಸಿದರೆ ಮುಂದಿನ ದೂರು, ವಾಪಸಾತಿ ಎಲ್ಲವೂ ಸಲೀಸು. ಕಾನೂನು ನಿಮ್ಮ ಪರವಾಗಿಯೇ ಇದೆ. ಆದರೆ ಅದಕ್ಕೆ ಪುರಾವೆ ಬೇಕು, ಮತ್ತು ಆ ಪುರಾವೆ ಸಿಗುವುದು ಮೊದಲ ಒಂದೆರಡು ದಿನಗಳಲ್ಲಿ ಮಾತ್ರ.

1. ಮೊದಲು ಮಾರಾಟದ ಪುಟವನ್ನು ಉಳಿಸಿಕೊಳ್ಳಿ

ಬಾಕ್ಸ್ ಬಿಚ್ಚುವುದಕ್ಕೂ ಮುಂಚೆ ಈ ಕೆಲಸ ಮಾಡಿ. ಆರ್ಡರ್ ಮಾಡಿದ ದಿನವೇ ಮಾಡಿದರೆ ಇನ್ನೂ ಒಳ್ಳೆಯದು. ಮಾರಾಟಗಾರರು ಪುಟವನ್ನು ಯಾವಾಗ ಬೇಕಾದರೂ ತಿದ್ದಬಹುದು. ಇವತ್ತು ‘ಅಪ್ಪಟ ಪಿತ್ತಾಳೆ’ ಎಂದಿದ್ದದ್ದು ನಾಳೆ ‘ಪಿತ್ತಾಳೆ ಫಿನಿಶ್’ ಆಗಿರಬಹುದು.

ಸ್ಕ್ರೀನ್‌ಶಾಟ್ ತೆಗೆಯುವಾಗ ಹೆಸರು, ಬೆಲೆ ಅಷ್ಟೇ ಸಾಲದು. ಅಳತೆ ಬರೆದಿರುವ ಚಿತ್ರ, ವಿವರಗಳ ಪಟ್ಟಿ, ‘ಬಾಕ್ಸಿನಲ್ಲಿ ಏನಿದೆ’ ಎಂಬ ಸಾಲು, ವಾಪಸಾತಿಯ ಷರತ್ತು, ಮಾರಾಟಗಾರರ ಹೆಸರು, ನೀವು ಆರಿಸಿದ ಸೈಜು ಮತ್ತು ಬಣ್ಣ ಎಲ್ಲವೂ ಬೇಕು. ಕೆಳಗೆ ಪ್ರಶ್ನೋತ್ತರದಲ್ಲಿ ಮಾರಾಟಗಾರರೇ ‘ಹೌದು, 40 ಮಿಮೀ ಬಾಗಿಲಿಗೆ ಕೂರುತ್ತದೆ’ ಎಂದು ಉತ್ತರಿಸಿದ್ದರೆ ಅದನ್ನು ಬಿಡಲೇಬೇಡಿ. ಅದೂ ಅವರು ಕೊಟ್ಟ ಮಾತೇ.

ಒಂದೇ ಪುಟದಲ್ಲಿ ಎರಡು ಥರ ಬರೆದಿರುವುದೂ ಉಂಟು. ಶೀರ್ಷಿಕೆಯಲ್ಲಿ 70 ಮಿಮೀ, ಕೆಳಗಿನ ಪಟ್ಟಿಯಲ್ಲಿ 60 ಮಿಮೀ. ಆಗ ಎರಡನ್ನೂ ಉಳಿಸಿಕೊಳ್ಳಿ. ಆ ಗೊಂದಲ ಮಾಡಿದ್ದು ನೀವಲ್ಲ.

ಪುಟ ಆಗಲೇ ಬದಲಾಗಿದ್ದರೆ ಆರ್ಡರ್ ಖಚಿತವಾದಾಗ ಬಂದ ಇಮೇಲ್ ಮತ್ತು ಇನ್‌ವಾಯ್ಸ್ ತೆಗೆಯಿರಿ. ಮಾಲಿನ ಪೂರ್ತಿ ಹೆಸರು ಸಾಮಾನ್ಯವಾಗಿ ಅಲ್ಲಿ ಹಾಗೇ ಉಳಿದಿರುತ್ತದೆ.

2. ಬಾಕ್ಸ್ ಬಿಚ್ಚುವಾಗ ವಿಡಿಯೊ

ಮೊಬೈಲನ್ನು ಯಾರಾದರೂ ಹಿಡಿದುಕೊಂಡರೆ ಸುಲಭ. ಮೊದಲು ಹೊರಗಿನ ಲೇಬಲ್ ತೋರಿಸಿ: ಆರ್ಡರ್ ಸಂಖ್ಯೆ, ಕೊರಿಯರ್ ಸಂಖ್ಯೆ ಓದುವಂತಿರಲಿ. ಆಮೇಲೆ ಆರು ಬದಿ ತೋರಿಸಿ, ಟೇಪ್ ಕತ್ತರಿಸಿ. ನಡುವೆ ವಿಡಿಯೊ ನಿಲ್ಲಿಸಬೇಡಿ. ಒಳಗಿನ ಕಂಪನಿ ಬಾಕ್ಸ್, ಅದರ ಸೀಲ್, ಪ್ಲಾಸ್ಟಿಕ್ ಚೀಲ, ಸ್ಕ್ರೂ ಪೊಟ್ಟಣ, ಕೀ ಗೊಂಚಲು ಎಲ್ಲವನ್ನೂ ಟೇಬಲ್ ಮೇಲೆ ಸಾಲಾಗಿ ಇಟ್ಟು ಎಣಿಸಿ.

ಒಳಗಿನ ಬಾಕ್ಸಿನ ಮೇಲೆ ಏನು ಅಚ್ಚಾಗಿದೆ ಎಂಬುದನ್ನೂ ಹತ್ತಿರದಿಂದ ತೆಗೆಯಿರಿ. ಪ್ಯಾಕ್ ಮಾಡಿದ ಮಾಲಿನ ಬಗ್ಗೆ 2011ರ ಕಾನೂನು ಮಾಪನ ನಿಯಮಗಳಿವೆ. ತಯಾರಕರ ಅಥವಾ ಆಮದು ಮಾಡಿದವರ ಹೆಸರು ವಿಳಾಸ, ಮಾಲಿನ ಹೆಸರು, ಎಷ್ಟು ಸಂಖ್ಯೆ, ಗರಿಷ್ಠ ಮಾರಾಟ ಬೆಲೆ, ಗ್ರಾಹಕರು ಸಂಪರ್ಕಿಸಬೇಕಾದ ವಿವರ ಇವೆಲ್ಲ ಬಾಕ್ಸಿನ ಮೇಲೆ ಇರಬೇಕು. ಹೊರಗಿನಿಂದ ತರಿಸಿದ್ದಾದರೆ ಯಾವ ದೇಶದ್ದು ಅಂತಲೂ ಇರಬೇಕು. ಇವು ಯಾವುದೂ ಇಲ್ಲದ ಬಿಳಿ ಡಬ್ಬದಲ್ಲಿ ‘ಹೆಸರಾಂತ ಕಂಪನಿಯ ಲಾಕ್’ ಬಂದಿದ್ದರೆ ಅದೇ ಮೊದಲ ಸುಳಿವು. ವಿಳಾಸ ಅಲಿಗಢದ್ದು ಎಂಬ ಕಾರಣಕ್ಕೆ ಮಾತ್ರ ಅನುಮಾನ ಪಡಬೇಡಿ. ಉತ್ತರ ಪ್ರದೇಶದ ಆ ಊರು ನೂರು ವರ್ಷಕ್ಕೂ ಮೇಲ್ಪಟ್ಟು ಬೀಗ ಮಾಡುತ್ತಿದೆ, ಅಲ್ಲಿ ಬಹಳ ಒಳ್ಳೆಯ ಮಾಲೂ ಆಗುತ್ತದೆ. ಪುಟದಲ್ಲಿ ಒಂದು ಕಂಪನಿ, ಬಾಕ್ಸಿನ ಮೇಲೆ ಇನ್ನೊಂದು ಅಂತಾದರೆ ಮಾತ್ರ ಅದು ದೂರಿನ ವಿಷಯ.

ವಿದೇಶದಲ್ಲಿದ್ದುಕೊಂಡು ಊರಿನ ಅಪ್ಪ ಅಮ್ಮನ ಮನೆಗೆ ಆರ್ಡರ್ ಮಾಡುವವರು ತುಂಬ ಜನ ಇದ್ದಾರೆ. ನೀವು ಅಂಥವರಾದರೆ ಪಾರ್ಸೆಲ್ ಬರುವ ಹೊತ್ತಿಗೆ ವಿಡಿಯೊ ಕಾಲ್ ಮಾಡಿ, ಬಿಚ್ಚುವುದನ್ನು ನೀವೇ ರೆಕಾರ್ಡ್ ಮಾಡಿಕೊಳ್ಳಿ. ‘ಅಪ್ಪಾ, ಬಡಗಿಯನ್ನ ಇವತ್ತೇ ಕರೀಬೇಡಿ’ ಅಂತ ಮೊದಲೇ ಹೇಳಿಬಿಡಿ.

3. ಅಳತೆ: ಇಲ್ಲಿ ಅವಸರ ಬೇಡ

ಬೇಕಾದ್ದು ಒಂದು ಸ್ಟೀಲ್ ಸ್ಕೇಲ್, ಒಂದು ಪೆನ್ಸಿಲ್, ಒಂದು ರಟ್ಟು. ಹೊಲಿಗೆಯ ಟೇಪು ಎಳೆದರೆ ಹಿಗ್ಗುತ್ತದೆ, ಅದು ಬೇಡ. ಒಂದು ಮಿಲಿಮೀಟರ್ ಆಚೀಚೆ ಆದರೆ ಅದನ್ನು ತಪ್ಪು ಅನ್ನಲಾಗದು. ಐದು, ಹತ್ತು ಮಿಲಿಮೀಟರ್ ವ್ಯತ್ಯಾಸ ಬೇರೆಯೇ ಮಾಲು.

ಮನೆಯ ಮುಂಬಾಗಿಲಿಗೆ ಹೆಚ್ಚಾಗಿ ಹಾಕುವುದು ಮಾರ್ಟೈಸ್ ಲಾಕ್, ಅಂದರೆ ಬಾಗಿಲಿನ ದಪ್ಪದೊಳಗೆ ಹುದುಗಿಸುವಂಥದ್ದು. ಅದರಲ್ಲಿ ಮೂರು ಭಾಗ: ಒಳಗೆ ಕೂರುವ ಪೆಟ್ಟಿಗೆಯಂಥ ಬಾಡಿ, ಕೀ ತಿರುಗಿಸುವ ಸಿಲಿಂಡರ್, ಎರಡೂ ಕಡೆಯ ಹ್ಯಾಂಡಲ್. ಮೂರನ್ನೂ ಬೇರೆ ಬೇರೆಯಾಗಿ ಅಳೆಯಿರಿ.

*ಸಿಲಿಂಡರ್ ಉದ್ದ.* ಹೆಚ್ಚಿನ ತಕರಾರು ಬರುವುದು ಇದರಲ್ಲೇ. ಸಿಲಿಂಡರನ್ನು ಮಲಗಿಸಿ ಈ ತುದಿಯಿಂದ ಆ ತುದಿಗೆ ಅಳೆಯಿರಿ. ಮಾರುಕಟ್ಟೆಯಲ್ಲಿ ಸಾಮಾನ್ಯವಾಗಿ ಸಿಗುವುದು 60 ಮತ್ತು 70 ಮಿಮೀ. ನಡುವೆ ಒಂದು ಸ್ಕ್ರೂ ತೂತು ಇರುತ್ತದೆ. ಅದರ ಮಧ್ಯದಿಂದ ಎರಡೂ ತುದಿಗೆ ಬೇರೆ ಬೇರೆ ಅಳೆಯಿರಿ. 70 ಅಂದರೆ 35 ಮತ್ತು 35 ಇರಬಹುದು, 30 ಮತ್ತು 40 ಕೂಡ ಇರಬಹುದು. ನಿಮ್ಮ ಬಾಗಿಲು 45 ಮಿಮೀ ದಪ್ಪ ಇದ್ದು ಹ್ಯಾಂಡಲ್ ಪ್ಲೇಟು ಒಂದೊಂದು ಕಡೆ 10 ಮಿಮೀ ಅಂದರೆ ಒಟ್ಟು 65 ಆಯಿತು. ಅಲ್ಲಿ 60ರ ಸಿಲಿಂಡರ್ ಹಾಕಿದರೆ ಅದು ಒಳಗೆ ಹೂತುಹೋಗುತ್ತದೆ, ಕೀ ಸರಿಯಾಗಿ ಹಿಡಿಯುವುದಿಲ್ಲ. ಉದ್ದ ಜಾಸ್ತಿಯಾದರೂ ತೊಂದರೆಯೇ. ಹೊರಗೆ ಚಾಚಿಕೊಂಡ ಸಿಲಿಂಡರನ್ನು ಪ್ಲೈಯರಿನಲ್ಲಿ ಹಿಡಿದು ಮುರಿಯುವುದು ಕಳ್ಳರಿಗೆ ಸುಲಭ. ಹೊರಗಡೆ ಪ್ಲೇಟಿನ ಮಟ್ಟಕ್ಕಿಂತ ಎರಡು ಮೂರು ಮಿಮೀಗಿಂತ ಜಾಸ್ತಿ ಚಾಚಬಾರದು.

*ಅಂಚಿನಿಂದ ಕೀ ತೂತಿನವರೆಗೆ.* ಬಾಗಿಲಿನ ಅಂಚಿಗೆ ಬರುವ ಉದ್ದನೆಯ ಲೋಹದ ಪಟ್ಟಿ ಇದೆಯಲ್ವಾ, ಅದರ ಮುಂಭಾಗದಿಂದ ಸಿಲಿಂಡರ್ ಕೂರುವ ಜಾಗದ ಮಧ್ಯದವರೆಗೆ ಅಳೆಯಿರಿ. ಪುಟದಲ್ಲಿ ಇದನ್ನು ಬ್ಯಾಕ್‌ಸೆಟ್ ಅಂತ ಬರೆದಿರುತ್ತಾರೆ. ಹಳೆಯ ಲಾಕ್ ತೆಗೆದು ಅದೇ ಗೂಡಿಗೆ ಹೊಸದು ಹಾಕುವವರಿಗೆ ಇದು ಪ್ರಾಣ. ಇದು ತಪ್ಪಿದರೆ ಹಳೆಯ ಕೀ ತೂತು ಒಂದು ಕಡೆ, ಹೊಸ ಸಿಲಿಂಡರ್ ಇನ್ನೊಂದು ಕಡೆ.

*ಹ್ಯಾಂಡಲ್‌ನಿಂದ ಸಿಲಿಂಡರಿಗೆ.* ಹ್ಯಾಂಡಲ್‌ನ ಚೌಕ ಸರಳು ಹೋಗುವ ತೂತಿನ ಮಧ್ಯದಿಂದ ಸಿಲಿಂಡರಿನ ಮಧ್ಯಕ್ಕೆ. 85 ಮಿಮೀ ಸಾಮಾನ್ಯ. ಬಾಡಿ 85ರದ್ದು ಬಂದು ಪ್ಲೇಟು ಬೇರೆ ಅಳತೆಯದು ಬಂದರೆ ಎರಡನ್ನೂ ಜೋಡಿಸಲು ಆಗುವುದಿಲ್ಲ. ಒಂದೇ ಬಾಕ್ಸಿನಲ್ಲಿ ಬಂದರೂ ಈ ತಪ್ಪು ಆಗಬಹುದು, ಹಾಗಾಗಿ ಪ್ಲೇಟನ್ನು ಬಾಡಿಯ ಮೇಲಿಟ್ಟು ತೂತುಗಳು ಕೂಡುತ್ತವೆಯೇ ನೋಡಿ.

*ಬೋಲ್ಟ್ ಎಷ್ಟು ಹೊರಬರುತ್ತದೆ.* ಸಿಲಿಂಡರನ್ನು ಬಾಡಿಯೊಳಗೆ ಕೈಯಲ್ಲೇ ತೂರಿಸಿ ಕೀ ತಿರುಗಿಸಿ. ಪುಟದಲ್ಲಿ ‘ಎರಡು ಸುತ್ತು’ ಎಂದಿದ್ದರೆ ಒಂದು ಸುತ್ತಿಗೆ ಅರ್ಧ, ಎರಡನೇ ಸುತ್ತಿಗೆ ಪೂರ್ತಿ ಬರಬೇಕು. ಪೂರ್ತಿ ಬಂದ ಮೇಲೆ ಪಟ್ಟಿಯಿಂದ ಬೋಲ್ಟಿನ ತುದಿಗೆ ಅಳೆಯಿರಿ. 20 ಮಿಮೀ ಅಂತ ಹೇಳಿ 12 ಬಂದರೆ ಅದು ಸಣ್ಣ ವಿಷಯ ಅಲ್ಲ. ಬಾಗಿಲನ್ನು ಹಿಡಿದಿಡುವುದೇ ಆ ಚಾಚು.

*ಒಳಬದಿ ಯಾವ ಥರ.* ಹೊರಗೆ ಕೀ, ಒಳಗೆ ತಿರುಗಿಸುವ ನಾಬ್ ಬೇಕೆಂದು ತರಿಸಿದರೆ ಎರಡೂ ಕಡೆ ಕೀ ಇರುವುದು ಬರುತ್ತದೆ. ಇದನ್ನು ‘ಹೇಗೋ ನಡೆಯುತ್ತೆ’ ಎಂದು ಇಟ್ಟುಕೊಳ್ಳಬೇಡಿ. ಬೆಂಕಿ ಬಿದ್ದಾಗ, ವಯಸ್ಸಾದವರು ರಾತ್ರಿ ಗಾಬರಿಯಲ್ಲಿ ಎದ್ದಾಗ, ಒಳಗಿನಿಂದ ಕೀ ಹುಡುಕುತ್ತಾ ನಿಲ್ಲುವಂತಾಗಬಾರದು.

ಬಾಗಿಲಿನ ಒಳಮೈ ಮೇಲೆ ಕೂರುವ ರಿಮ್ ಲಾಕ್ ತರಿಸಿದ್ದರೆ ಎಡವೋ ಬಲವೋ ಎಂಬುದೇ ದೊಡ್ಡ ಪ್ರಶ್ನೆ. ಎಡ ಬಲ ಹೇಳುವ ರೀತಿ ಕಂಪನಿಯಿಂದ ಕಂಪನಿಗೆ ಬೇರೆ. ಹಾಗಾಗಿ ದೂರಿನಲ್ಲಿ ಆ ಮಾತನ್ನಷ್ಟೇ ನೆಚ್ಚಿಕೊಳ್ಳಬೇಡಿ. ಪುಟದಲ್ಲಿದ್ದ ಚಿತ್ರ ಮತ್ತು ಬಂದ ಲಾಕ್‌ನ ಫೋಟೊ ಎರಡನ್ನೂ ಪಕ್ಕಪಕ್ಕ ಇಟ್ಟು, ಬೋಲ್ಟ್ ಯಾವ ಕಡೆಗೆ ಬರುತ್ತದೆ ಅಂತ ಬಾಣದ ಗುರುತು ಹಾಕಿ ಕಳಿಸಿ.

ಕೊನೆಗೆ ಬಾಡಿಯನ್ನು ರಟ್ಟಿನ ಮೇಲಿಟ್ಟು ಸುತ್ತ ಪೆನ್ಸಿಲ್ ಎಳೆದು ಕತ್ತರಿಸಿಕೊಳ್ಳಿ. ಆ ರಟ್ಟನ್ನು ಬಾಗಿಲಿಗೆ ಹಿಡಿದು ನೋಡಿ. ಹಳೆಯ ಗೂಡಿಗೆ ಕೂರುತ್ತದೋ ಇಲ್ಲವೋ ಎಂಬುದು ನಿಮಿಷದಲ್ಲಿ ತಿಳಿಯುತ್ತದೆ, ಲಾಕ್‌ಗೆ ಒಂದು ಗೀರೂ ಬೀಳುವುದಿಲ್ಲ.

4. ಲೋಹ ಯಾವುದು?

‘ಪಿತ್ತಾಳೆ’ ಎಂದು ಹೇಳಿ ಪಿತ್ತಾಳೆ ಬಣ್ಣ ಕೊಟ್ಟಿರುವುದು ತುಂಬ ಕಡೆ ಕಾಣುತ್ತದೆ. ಒಂದು ಆಯಸ್ಕಾಂತ ಹಿಡಿದು ನೋಡಿ. ಪಿತ್ತಾಳೆಗೆ ಅದು ಅಂಟುವುದಿಲ್ಲ. ಗಟ್ಟಿಯಾಗಿ ಅಂಟಿಕೊಂಡರೆ ಒಳಗಿರುವುದು ಕಬ್ಬಿಣ ಅಥವಾ ಉಕ್ಕು. ಆದರೆ ಅಂಟಲಿಲ್ಲ ಎಂದ ಮಾತ್ರಕ್ಕೆ ಪಿತ್ತಾಳೆ ಅಂತಲೂ ಹೇಳಲಾಗದು, ಏಕೆಂದರೆ ಸತುವಿನ ಮಿಶ್ರಲೋಹಕ್ಕೂ ಅಂಟುವುದಿಲ್ಲ. ಆಗ ಬಣ್ಣ ತಲುಪದ ಜಾಗ ನೋಡಿ: ಸ್ಕ್ರೂ ತೂತಿನ ಒಳಗಿನ ಮರೆ, ಸಿಲಿಂಡರಿನ ಕೊರೆದ ಭಾಗ. ಟಾರ್ಚ್ ಬಿಟ್ಟರೆ ಪಿತ್ತಾಳೆ ಹಳದಿಯಾಗಿ ಕಾಣುತ್ತದೆ, ಸತು ಬೂದು ಬಣ್ಣಕ್ಕೆ. ಸ್ಟೇನ್‌ಲೆಸ್ ಸ್ಟೀಲ್ 304 ಎಂದು ಹೇಳಿದ್ದಕ್ಕೆ ಆಯಸ್ಕಾಂತ ಸ್ವಲ್ಪ ಹಿಡಿದರೆ ಗಾಬರಿ ಬೇಡ. ಬಗ್ಗಿಸಿದ ಕಡೆ ಆ ಉಕ್ಕೂ ಕೊಂಚ ಹಿಡಿಯುತ್ತದೆ.

ಮೊಳೆಯಿಂದಲೋ ಬ್ಲೇಡಿನಿಂದಲೋ ಕೆರೆದು ನೋಡಲೇಬೇಡಿ. ಕೆರೆದ ಲಾಕ್ ವಾಪಸ್ ಹೋಗುವುದಿಲ್ಲ. ತೂಕ ಪುಟದಲ್ಲಿ ಕೊಟ್ಟಿದ್ದರೆ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಫೋಟೊ ತೆಗೆಯಿರಿ.

ಐಎಸ್‌ಐ ಮುದ್ರೆ ಇದೆ ಎಂದು ಪುಟದಲ್ಲಿ ಹೇಳಿದ್ದರೆ ಮುದ್ರೆಯ ಜೊತೆ ಸಿಎಂ/ಎಲ್ ಎಂದು ಶುರುವಾಗುವ ಪರವಾನಗಿ ಸಂಖ್ಯೆ ಇರಬೇಕು. ಭಾರತೀಯ ಮಾನಕ ಬ್ಯೂರೋದ ‘ಬಿಐಎಸ್ ಕೇರ್’ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ಯಾರಿಗೆ, ಯಾವ ಮಾಲಿಗೆ ಪರವಾನಗಿ ಕೊಟ್ಟಿದ್ದಾರೆ ಎಂದು ತೋರಿಸುತ್ತದೆ. ಹೆಸರು ಕೂಡದಿದ್ದರೆ ಅದರ ಸ್ಕ್ರೀನ್‌ಶಾಟ್ ಗಟ್ಟಿ ಪುರಾವೆ.

5. ಕೀಗಳು

ಎಷ್ಟು ಕೀ ಎಂದು ಹೇಳಿದ್ದರೋ ಅಷ್ಟೂ ಇರಬೇಕು. ಐದು ಎಂದು ಹೇಳಿ ನಾಲ್ಕು ಬಂದರೆ ‘ನಾಲ್ಕು ಸಾಕು ಬಿಡಿ’ ಎಂದು ಸುಮ್ನೆ ಇರಬೇಡಿ. ಬೇರೆ ಯಾವ ವಸ್ತುವಿನಲ್ಲಿ ಒಂದು ಕಡಿಮೆ ಬಂದರೂ ನಡೆದೀತು, ಇಲ್ಲಿ ಆ ಐದನೆಯದು ಯಾರ ಕೈಯಲ್ಲಿದೆ ಅಂತ ಗೊತ್ತಿಲ್ಲ. ಸೀಲ್ ಒಡೆದ ಬಾಕ್ಸ್, ಕೀ ಮೇಲೆ ಸವೆದ ಗೀರು, ಸಿಲಿಂಡರಿನಲ್ಲಿ ಹಳೆಯ ಎಣ್ಣೆಯ ಜಿಡ್ಡು ಇದ್ದರೆ ಯಾರೋ ತರಿಸಿ ವಾಪಸ್ ಮಾಡಿದ ಲಾಕ್ ನಿಮಗೆ ಬಂದಿರಬಹುದು. ಅಳತೆ ಎಲ್ಲ ಸರಿ ಇದ್ದರೂ ಅಂಥ ಲಾಕ್ ಮುಂಬಾಗಿಲಿಗೆ ಬೇಡ. ಹಿಂದಿರುಗಿಸಿ.

ಪ್ರತಿಯೊಂದು ಕೀಯನ್ನೂ ಹಾಕಿ ತಿರುಗಿಸಿ. ಪಿನ್ ಅಂದರೆ ಸಿಲಿಂಡರಿನೊಳಗೆ ಕೀ ಎತ್ತುವ ಪುಟ್ಟ ಕಡ್ಡಿ, ಒಂದೊಂದಕ್ಕೂ ಕೀಯಲ್ಲಿ ಒಂದು ತಗ್ಗು. ‘6 ಪಿನ್’ ಎಂದು ಹೇಳಿದ್ದರೆ ಕೀ ಹಲ್ಲಿನ ತಗ್ಗು ಎಣಿಸಿ. ಮೂರೋ ನಾಲ್ಕೋ ತಗ್ಗು ಮಾತ್ರ ಕಂಡರೆ ವಿವರಣೆ ಕೇಳಬೇಕಾದ್ದೇ. ಅಂಗಡಿಗಳಲ್ಲಿ ಕಂಪ್ಯೂಟರ್ ಕೀ ಅನ್ನುತ್ತಾರಲ್ಲ, ಆ ಚಪ್ಪಟೆ ಕೀಗಳಲ್ಲಿ ಹಲ್ಲಿನ ಬದಲು ಮೈಮೇಲೆ ಗುಳಿಗಳಿರುತ್ತವೆ. ಅದು ಬೇಕೆಂದು ತರಿಸಿ ಸಾದಾ ಹಲ್ಲಿನ ಕೀ ಬಂದಿದ್ದರೆ ಒಂದೇ ಫೋಟೊ ಸಾಕು.

ಫೋಟೊ ವಿಷಯದಲ್ಲಿ ಒಂದು ಎಚ್ಚರಿಕೆ. ಕೀಯ ಹಲ್ಲು ಸ್ಪಷ್ಟವಾಗಿ ಕಾಣುವ ಚಿತ್ರದಿಂದಲೇ ನಕಲಿ ಕೀ ಮಾಡಬಹುದು. ರಿವ್ಯೂ ಬರೆಯುವಾಗ ಅಂಥ ಫೋಟೊ ಹಾಕಬೇಡಿ. ದೂರಿಗೆ ಕಳಿಸಬೇಕಾದರೆ, ಹಲ್ಲೇ ದೂರಿನ ವಿಷಯ ಆಗಿರದಿದ್ದರೆ, ಅದರ ಮೇಲೆ ಬೆರಳೋ ಚೀಟಿಯೋ ಇಟ್ಟು ತೆಗೆಯಿರಿ.

ಬೆರಳಚ್ಚಿನ ಸ್ಮಾರ್ಟ್ ಲಾಕ್ ಆದರೆ ಮೇಲಿನ ಎಲ್ಲ ಅಳತೆಯೂ ಬೇಕು. ಜೊತೆಗೆ ಮೊಬೈಲ್ ಆ್ಯಪ್‌ಗೆ ಜೋಡಿಸುವ ಮುಂಚೆ ಪುಟದಲ್ಲಿ ಹೇಳಿದ ಸೌಲಭ್ಯಗಳ ಪಟ್ಟಿ ತಾಳೆ ನೋಡಿ: ವೈಫೈ ಇದೆಯೋ ಬ್ಲೂಟೂತ್ ಮಾತ್ರವೋ, ಬ್ಯಾಟರಿ ಸತ್ತಾಗ ಹೊರಗಿನಿಂದ ವಿದ್ಯುತ್ ಕೊಡುವ ಜಾಗ ಇದೆಯೋ, ತುರ್ತಿಗೆ ಲೋಹದ ಕೀ ಇದೆಯೋ. ವಾಪಸ್ ಕಳಿಸುವುದಾದರೆ ನಿಮ್ಮ ಬೆರಳಚ್ಚು, ಪಾಸ್‌ವರ್ಡ್ ಅಳಿಸಿ ಫ್ಯಾಕ್ಟರಿ ರೀಸೆಟ್ ಮಾಡಲು ಮರೆಯಬೇಡಿ.

6. ದೂರು ಬರೆಯುವ ರೀತಿ

ಈಗ ಕೈಯಲ್ಲಿ ವ್ಯತ್ಯಾಸಗಳ ಪಟ್ಟಿ ಇದೆ. ಅದರಲ್ಲಿ ಸ್ಕೇಲಿನಿಂದ ತೋರಿಸಬಹುದಾದದ್ದನ್ನು ಮೊದಲು ಬರೆಯಿರಿ. ‘ಲೋಹ ಕಳಪೆ’, ‘ಗಟ್ಟಿಯಿಲ್ಲ’ ಎಂದರೆ ವಾದ ಬೆಳೆಯುತ್ತದೆ. ‘70 ಎಂದಿದ್ದೀರಿ, 60 ಬಂದಿದೆ’ ಎಂದರೆ ವಾದಕ್ಕೆ ಜಾಗವಿಲ್ಲ.

ಹುಬ್ಬಳ್ಳಿಯಲ್ಲಿರುವ ನಮ್ಮ ಸೋದರತ್ತೆಗೆ ಆಗಿದ್ದು ಇದೇ. ಹಳೆಯ ದಪ್ಪ ಬಾಗಿಲಿಗೆಂದು 70ರ ಸಿಲಿಂಡರ್ ಇರುವ ಲಾಕ್ ತರಿಸಿದ್ದರು. ಬಡಗಿ ಉಳಿ ಎತ್ತುವ ಮುಂಚೆ ಸಿಲಿಂಡರನ್ನು ಬಾಗಿಲಿಗೆ ಹಿಡಿದು ನೋಡಿ, ‘ಅಕ್ಕಾರ, ಇದು ಗಿಡ್ಡ ಐತ್ರಿ, ಹೊಂದಾಂಗಿಲ್ಲ’ ಅಂದರು. ಅತ್ತೆ ‘ಲಾಕ್ ಕೂರುತ್ತಿಲ್ಲ’ ಎಂದು ಬರೆದಾಗ ‘ಅದು ಅಳವಡಿಕೆಯ ಸಮಸ್ಯೆ, ನಮ್ಮ ಮಾಲಿನದ್ದಲ್ಲ’ ಎಂಬ ಉತ್ತರ ಬಂತು. ಸಿಲಿಂಡರಿನ ಪಕ್ಕ ಸ್ಕೇಲ್ ಇಟ್ಟ ಫೋಟೊ, ಅದರ ಜೊತೆ ಪುಟದ ಸ್ಕ್ರೀನ್‌ಶಾಟ್ ಕಳಿಸಿದ ಮೇಲೆ ವಾಪಸಾತಿಗೆ ಒಪ್ಪಿದರು. ಲಾಕ್ ಅದೇ, ತಪ್ಪೂ ಅದೇ. ಬರೆದ ರೀತಿ ಬೇರೆ, ಅಷ್ಟೇ.

ಹಾಗಾಗಿ ಆ್ಯಪ್‌ನಲ್ಲಿ ವಾಪಸಾತಿಯ ಕಾರಣ ಕೇಳಿದಾಗ ‘ಇಷ್ಟವಾಗಲಿಲ್ಲ’, ‘ಈಗ ಬೇಡ’, ‘ಸೈಜು ಹೊಂದಲಿಲ್ಲ’ ಇವುಗಳನ್ನು ಒತ್ತಬೇಡಿ. ‘ವಿವರಣೆಗೆ ಹೊಂದುತ್ತಿಲ್ಲ’ ಅಥವಾ ‘ಬೇರೆ ವಸ್ತು ಬಂದಿದೆ’ ಎಂಬುದನ್ನೇ ಆರಿಸಿ. ಮೊದಲ ಮೂರರಲ್ಲಿ ಮನಸ್ಸು ಬದಲಿಸಿದ್ದು ನೀವು ಅಂತಾಗುತ್ತದೆ.

ಸಂದೇಶ ಹೀಗಿರಲಿ:

‘ಆರ್ಡರ್ ಸಂಖ್ಯೆ ಇಂಥದ್ದು, ಇಂಥ ದಿನ ತಲುಪಿದೆ. ನಿಮ್ಮ ಪುಟದಲ್ಲಿ ಸಿಲಿಂಡರ್ ಉದ್ದ 70 ಮಿಮೀ, ಒಳಬದಿ ನಾಬ್, 5 ಕೀ ಎಂದು ಹೇಳಲಾಗಿದೆ. ಬಂದಿರುವುದು 60 ಮಿಮೀ, ಎರಡೂ ಬದಿ ಕೀ, ಒಟ್ಟು 4 ಕೀ. ಪುಟದ ಸ್ಕ್ರೀನ್‌ಶಾಟ್, ಅಳತೆಯ ಫೋಟೊ, ಬಾಕ್ಸ್ ಬಿಚ್ಚಿದ ವಿಡಿಯೊ ಲಗತ್ತಿಸಿದ್ದೇನೆ. ಲಾಕ್ ಅಳವಡಿಸಿಲ್ಲ, ಎಲ್ಲ ಬಿಡಿಭಾಗಗಳೂ ಮೂಲ ಪ್ಯಾಕಿಂಗ್‌ನಲ್ಲಿವೆ. ವಸ್ತು ವಿವರಣೆಗೆ ಹೊಂದದ ಕಾರಣ ನಿಮ್ಮ ಖರ್ಚಿನಲ್ಲಿ ಹಿಂದಕ್ಕೆ ಪಡೆದು, ವಿತರಣಾ ಶುಲ್ಕ ಸೇರಿ ಪೂರ್ತಿ ಹಣ ಮರಳಿಸಿ. ದೂರಿನ ಟಿಕೆಟ್ ಸಂಖ್ಯೆ ತಿಳಿಸಿ.’

ಬದಲಿ ಬೇಕೋ ಹಣ ಬೇಕೋ? ಪುಟವೇ ತಪ್ಪಿದ್ದರೆ ಬದಲಿಯಾಗಿ ಬರುವುದೂ ಅದೇ ತಪ್ಪು ಲಾಕ್. ಆಗ ಹಣ ಕೇಳಿ. ಪ್ಯಾಕ್ ಮಾಡುವಾಗ ಎಡವಟ್ಟಾಗಿದೆ ಎನಿಸಿದರೆ ಬದಲಿ ಕೇಳಬಹುದು. ‘ಇಟ್ಟುಕೊಳ್ಳಿ, ಇನ್ನೂರು ರೂಪಾಯಿ ಕೊಡ್ತೀವಿ’ ಎಂಬ ಮಾತು ಬಂದರೆ, ನಿಮ್ಮ ಬಾಗಿಲಿಗೆ ಕೂರದ ಲಾಕ್‌ಗೆ ಇನ್ನೂರು ರೂಪಾಯಿ ಯಾವ ಲೆಕ್ಕ ಅಂತ ಯೋಚಿಸಿ ಉತ್ತರ ಕೊಡಿ. ಫೋನಿನಲ್ಲಿ ಮಾತಾಡಿದರೆ ಮಾತಾಡಿದ್ದನ್ನು ಚಾಟ್‌ನಲ್ಲೋ ಇಮೇಲ್‌ನಲ್ಲೋ ಎರಡು ಸಾಲು ಬರೆದು ಕಳಿಸಿಬಿಡಿ.

ಕಸ್ಟಮರ್ ಕೇರ್ ಸಂಖ್ಯೆಯನ್ನು ಗೂಗಲ್‌ನಲ್ಲಿ ಹುಡುಕಬೇಡಿ. ಆ್ಯಪ್ ಒಳಗಿನ ಸಹಾಯದ ಪುಟದಿಂದಲೇ ಹೋಗಿ. ನಕಲಿ ಸಂಖ್ಯೆ ಇಟ್ಟುಕೊಂಡು ಕಾಯುವವರಿದ್ದಾರೆ. ಹಣ ಬರಬೇಕಾದರೆ ಯುಪಿಐ ಪಿನ್ ಒತ್ತುವ ಅಗತ್ಯವೇ ಇಲ್ಲ, ಪರದೆ ಹಂಚಿಕೊಳ್ಳುವ ಆ್ಯಪ್ ಹಾಕಿಕೊಳ್ಳುವ ಅಗತ್ಯವೂ ಇಲ್ಲ. ಅಂಥ ಬಲೆಗೆ ಬಿದ್ದು ಹಣ ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

7. ವಾಪಸ್ ತೆಗೆದುಕೊಳ್ಳಲು ಬಂದಾಗ

ಎಲ್ಲ ಕೀ, ಸ್ಕ್ರೂ, ಪಟ್ಟಿ, ಕೈಪಿಡಿ ಸೇರಿಸಿ ಪ್ಯಾಕ್ ಮಾಡುವಾಗ ಇನ್ನೊಂದು ವಿಡಿಯೊ ತೆಗೆಯಿರಿ. ಒಂದು ಕೀ ಮನೆಯಲ್ಲೇ ಉಳಿದರೆ ಅದೇ ನೆಪವಾಗಿ ಹಣ ನಿಲ್ಲುತ್ತದೆ. ತೆಗೆದುಕೊಂಡು ಹೋಗುವವರು ಲಾಕನ್ನು ಪುಟದ ಫೋಟೊಗೆ ಹೋಲಿಸಿ ನೋಡುವ ಪದ್ಧತಿ ಇದೆ. ಬೇರೆಯೇ ಲಾಕ್ ಬಂದಿದ್ದರೆ ‘ಫೋಟೊದಲ್ಲಿ ಇರೋದು ಇದಲ್ಲ’ ಎಂದು ಅವರು ತಿರುಗಿ ಹೋಗಬಹುದು. ಆ ಹುಡುಗನ ಜೊತೆ ಜಗಳ ಬೇಡ. ಬಾಕ್ಸ್ ಬಿಚ್ಚಿದ ವಿಡಿಯೊ ತೋರಿಸಿ. ಆಗಲಿಲ್ಲ ಅಂದರೆ ‘ಬೇರೆ ವಸ್ತು ಬಂದಿದ್ದರಿಂದಲೇ ವಾಪಸಾತಿ ಕೇಳಿದ್ದು, ಪಿಕಪ್ ನಿರಾಕರಿಸಲಾಗಿದೆ’ ಎಂದು ಅದೇ ಟಿಕೆಟ್‌ನಲ್ಲಿ ತಕ್ಷಣ ಬರೆಯಿರಿ. ತೆಗೆದುಕೊಂಡು ಹೋದರೆ ರಸೀದಿಯೋ ಸಂದೇಶವೋ ಬರುವ ತನಕ ಕಾಯಿರಿ.

8. ಮಾರಿದವರು ಒಪ್ಪದಿದ್ದರೆ

‘ಈ ವಸ್ತುವಿಗೆ ವಾಪಸಾತಿ ಇಲ್ಲ’ ಎಂದು ಪುಟದಲ್ಲಿ ಬರೆದಿದ್ದಾರೆ ಎಂದು ತುಂಬ ಜನ ಇಲ್ಲೇ ಕೈಬಿಡುತ್ತಾರೆ. ಬಿಡಬೇಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ 2020ರಲ್ಲಿ ಇ-ಕಾಮರ್ಸ್ ನಿಯಮಗಳು ಬಂದಿವೆ. ಅದರ 6ನೇ ನಿಯಮದ ಪ್ರಕಾರ, ಜಾಹೀರಾತಿನಲ್ಲಿ ಹೇಳಿದ ಗುಣ ಲಕ್ಷಣ ಇಲ್ಲದ ವಸ್ತುವನ್ನು ಹಿಂದಕ್ಕೆ ಪಡೆಯಲು ಅಥವಾ ಹಣ ಮರಳಿಸಲು ಮಾರಾಟಗಾರರು ನಿರಾಕರಿಸುವಂತಿಲ್ಲ. ದೋಷವಿದ್ದ, ನಕಲಿಯಾದ ವಸ್ತುವಿಗೂ ಇದೇ ಅನ್ವಯ. ಮನಸ್ಸು ಬದಲಿಸಿದ ಗ್ರಾಹಕರಿಗೆ ‘ವಾಪಸಾತಿ ಇಲ್ಲ’ ಅನ್ನಬಹುದು, 70 ಹೇಳಿ 60 ಕಳಿಸಿ ಹಾಗೆನ್ನಲು ಬರುವುದಿಲ್ಲ.

ಮಾರಾಟ ತಾಣಕ್ಕೂ ಹೊಣೆಯಿದೆ. ತಮ್ಮಲ್ಲಿ ಮಾರುವವರು ಹಾಕುವ ವಿವರ ಮತ್ತು ಚಿತ್ರ ನಿಜವಾದ ಮಾಲಿಗೆ ಹೊಂದುತ್ತವೆ ಎಂದು ಅವರಿಂದ ಬರೆಸಿಕೊಳ್ಳಬೇಕು. ಮಾರಾಟಗಾರರ ಹೆಸರು ವಿಳಾಸ ತೋರಿಸಬೇಕು. ಕುಂದುಕೊರತೆ ಅಧಿಕಾರಿಯನ್ನು ನೇಮಿಸಬೇಕು. ಆ ಅಧಿಕಾರಿ ನಿಮ್ಮ ದೂರು ತಲುಪಿತೆಂದು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಅವರ ಹೆಸರು, ಇಮೇಲ್ ತಾಣದ ಕೆಳತುದಿಯಲ್ಲೋ ಷರತ್ತುಗಳ ಪುಟದಲ್ಲೋ ಇರುತ್ತದೆ. ಚಾಟ್‌ನಲ್ಲಿ ಅದದೇ ಉತ್ತರ ಬರುತ್ತಿದ್ದರೆ ಅಲ್ಲೇ ದಿನ ಕಳೆಯದೆ ಇವರಿಗೆ ಬರೆಯಿರಿ.

ಅದಕ್ಕೂ ಜಗ್ಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಕನ್ನಡದಲ್ಲೇ ಮಾತಾಡಬಹುದು. 8800001915ಕ್ಕೆ ವಾಟ್ಸ್‌ಆ್ಯಪ್ ಮಾಡಬಹುದು, ಸರ್ಕಾರದ ಉಮಂಗ್ ಆ್ಯಪ್‌ನಿಂದಲೂ ದೂರು ಹಾಕಬಹುದು. ಸಹಾಯವಾಣಿಯವರು ತೀರ್ಪು ಕೊಡುವುದಿಲ್ಲ, ಕಂಪನಿಗೆ ದೂರು ಕಳಿಸಿ ಉತ್ತರ ತರಿಸುತ್ತಾರೆ. ಲಾಕ್‌ನಂಥ ಸಣ್ಣ ಮೊತ್ತದ ವ್ಯಾಜ್ಯಕ್ಕೆ ಕೋರ್ಟಿನ ಮೆಟ್ಟಿಲು ಹತ್ತುವ ಮುಂಚೆ ಇದನ್ನು ಬಳಸಿಕೊಳ್ಳಲೇಬೇಕು ಎಂಬುದು ನನ್ನ ಅಭಿಪ್ರಾಯ. ದುಡ್ಡು ಖರ್ಚಿಲ್ಲ, ಮನೆಯಲ್ಲೇ ಕೂತು ಮಾಡುವ ಕೆಲಸ.

ಕ್ರೆಡಿಟ್ ಕಾರ್ಡಿನಲ್ಲಿ ಹಣ ಕೊಟ್ಟಿದ್ದರೆ ಬ್ಯಾಂಕಿಗೂ ಬರೆದು ಚಾರ್ಜ್‌ಬ್ಯಾಕ್, ಅಂದರೆ ಕಾರ್ಡಿನಿಂದ ಹೋದ ಹಣವನ್ನು ಬ್ಯಾಂಕಿನ ಮೂಲಕವೇ ವಾಪಸ್ ಪಡೆಯುವುದು, ಅದನ್ನು ಕೇಳಿ. ಅದಕ್ಕೆ ಗಡುವಿದೆ, ತಡ ಮಾಡಬೇಡಿ. ಇನ್‌ಸ್ಟಾಗ್ರಾಮ್‌ನಲ್ಲಿ ನೋಡಿ ನೇರ ಯುಪಿಐ ಕಳಿಸಿ ತರಿಸಿದ್ದರೆ ದಾರಿ ಕಷ್ಟ. ಬಿಲ್ಲೂ ಇರುವುದಿಲ್ಲ, ವಿಳಾಸವೂ ಇರುವುದಿಲ್ಲ. ಮನೆಯ ಮುಂಬಾಗಿಲ ಲಾಕನ್ನು ಆ ರೀತಿ ತರಿಸುವುದು ಬೇಡ.

9. ಜಿಲ್ಲಾ ಆಯೋಗ

ಕೊನೆಯ ದಾರಿ ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗ. ಕಂಪನಿ ದೆಹಲಿಯಲ್ಲಿರಲಿ ಗುರುಗ್ರಾಮದಲ್ಲಿರಲಿ, ನೀವು ವಾಸವಿರುವ ಅಥವಾ ಕೆಲಸ ಮಾಡುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕೊಟ್ಟ ಬೆಲೆ 5 ಲಕ್ಷ ರೂಪಾಯಿವರೆಗೆ ಇದ್ದರೆ ಶುಲ್ಕ ಇಲ್ಲ. ವಕೀಲರು ಕಡ್ಡಾಯವಲ್ಲ. ತಕರಾರು ಹುಟ್ಟಿದ ದಿನದಿಂದ 2 ವರ್ಷದೊಳಗೆ ಕೊಡಬೇಕು. ‘ಇ-ಜಾಗೃತಿ’ ತಾಣದಲ್ಲಿ ಆನ್‌ಲೈನ್‌ನಲ್ಲೇ ಸಲ್ಲಿಸಬಹುದು. ಮಾರಾಟಗಾರರು, ಮಾರಾಟ ತಾಣ ಇಬ್ಬರನ್ನೂ ಎದುರುದಾರರನ್ನಾಗಿ ಸೇರಿಸಿ.

ಅಳತೆಯ ತಪ್ಪನ್ನು ಮೊದಲು ಇಡಿ ಎಂದು ಹೇಳಿದ್ದರ ಬೆಲೆ ಇಲ್ಲಿ ತಿಳಿಯುತ್ತದೆ. ‘ಇದು ಪಿತ್ತಾಳೆಯಲ್ಲ’ ಎಂಬುದೇ ನಿಮ್ಮ ಮುಖ್ಯ ದೂರಾದರೆ ಆಯೋಗ ಲಾಕನ್ನು ಸೀಲ್ ಮಾಡಿ ಪ್ರಯೋಗಾಲಯಕ್ಕೆ ಕಳಿಸಬಹುದು. ಪರೀಕ್ಷೆಯ ಹಣ ಮೊದಲು ನೀವೇ ಕಟ್ಟಬೇಕಾಗುತ್ತದೆ. ಪರೀಕ್ಷೆ ಬೇಡದ ದೂರುಗಳಿಗೆ ಕಾಯ್ದೆ 3 ತಿಂಗಳ ಗುರಿ ಇಟ್ಟಿದೆ, ಪರೀಕ್ಷೆ ಬೇಕಾದರೆ 5 ತಿಂಗಳು. ನಡೆಯುವಾಗ ಅದಕ್ಕಿಂತ ಜಾಸ್ತಿಯೂ ಆಗುತ್ತದೆ. ಸ್ಕೇಲಿನ ಫೋಟೊಗೆ ಪ್ರಯೋಗಾಲಯ ಬೇಡ.

ಕೇಳುವಾಗ ಲಾಕ್‌ನ ಬೆಲೆ ಮಾತ್ರ ಕೇಳಬೇಡಿ. ವಿತರಣಾ ಶುಲ್ಕ, ಬಡಗಿಗೆ ಕೊಟ್ಟ ಕೂಲಿ, ದೂರಿನ ಖರ್ಚು ಕೂಡ ಸೇರಿಸಿ. ಬಡಗಿಯಿಂದ ಬಿಳಿ ಹಾಳೆಯ ಮೇಲಾದರೂ ದಿನಾಂಕ, ಮೊತ್ತ, ಸಹಿ ಹಾಕಿಸಿಕೊಳ್ಳಿ. ಒಂದು ಮಾತು: ಈ ಕಾಯ್ದೆ ಸ್ವಂತಕ್ಕೆ ಕೊಂಡವರಿಗೆ. ಮನೆ ಕಟ್ಟಿ ಮಾರುವ ಕಂಟ್ರಾಕ್ಟರ್ ಸಗಟಿನಲ್ಲಿ ಲಾಕ್ ತರಿಸಿದ್ದರೆ ಅವರು ಗ್ರಾಹಕರ ಲೆಕ್ಕಕ್ಕೆ ಬರುವುದು ಕಷ್ಟ.

ಆಗಲೇ ಕೂರಿಸಿಬಿಟ್ಟಿದ್ದರೆ?

ತೆಗೆಯಲು ಓಡಬೇಡಿ. ಬಾಗಿಲಿಗೆ ಕೂತ ಸ್ಥಿತಿಯಲ್ಲೇ ಎರಡೂ ಕಡೆಯಿಂದ ಫೋಟೊ, ಕೀ ತಿರುಗಿಸುವ ವಿಡಿಯೊ ತೆಗೆಯಿರಿ. ಮನೆಯ ಸುರಕ್ಷತೆ ಮೊದಲು: ಬದಲಿ ಲಾಕ್ ಕೈಗೆ ಬರುವ ತನಕ ಚಿಲಕಕ್ಕೆ ಒಂದು ಬೀಗ ಜಡಿದು ಕೆಲಸ ಸಾಗಿಸಿ. ಆಮೇಲೆ ಬಡಗಿಯ ಎದುರಿಗೇ ಬಿಚ್ಚಿಸಿ, ಅಳೆದು, ಏನು ವ್ಯತ್ಯಾಸವಿದೆ ಎಂದು ಅವರಿಂದ ಬರೆಸಿಕೊಳ್ಳಿ. ದೂರಿನಲ್ಲಿ ‘ಅಳವಡಿಸಿಲ್ಲ’ ಎಂದು ಸುಳ್ಳು ಬರೆಯಬೇಡಿ. ‘ಪುಟದ ವಿವರ ನಂಬಿ ಅಳವಡಿಸಿದೆವು, ಆಗ ವ್ಯತ್ಯಾಸ ಗೊತ್ತಾಯಿತು’ ಎಂದೇ ಬರೆಯಿರಿ. ಒಳಗಿನ ದೋಷ, ಬೋಲ್ಟ್ ಚಾಚದಿರುವುದು, ಪಿನ್ ಸಿಕ್ಕಿಕೊಳ್ಳುವುದು ಬಳಸಿದ ಮೇಲೇ ತಿಳಿಯುವಂಥವು. ಅದಕ್ಕೆ ವಾಪಸಾತಿಯ ಗಡುವು ಮುಗಿದಿದ್ದರೂ ಕಂಪನಿಯ ವಾರಂಟಿ ಇರುತ್ತದೆ, ಇನ್‌ವಾಯ್ಸ್ ಇಟ್ಟುಕೊಂಡು ಅತ್ತ ಕೇಳಿ.

ಹಣ ಮರಳಿ ಬಂದಾಗ ಖಾತೆಯಲ್ಲಿ ಪೂರ್ತಿ ಮೊತ್ತ ಇದೆಯೇ ನೋಡಿ. ವಿತರಣಾ ಶುಲ್ಕ ಹಿಡಿದುಕೊಂಡಿರಬಹುದು, ಅಥವಾ ಖಾತೆಗೆ ಹಾಕುವ ಬದಲು ಆ್ಯಪ್‌ನ ವಾಲೆಟ್‌ಗೆ ಹಾಕಿರಬಹುದು. ನೀವು ಒಪ್ಪದೆ ವಾಲೆಟ್‌ಗೆ ಹಾಕಿದ್ದರೆ ಮೂಲ ಖಾತೆಗೇ ಹಾಕಿ ಎಂದು ಕೇಳಿ. ಅದು ಇತ್ಯರ್ಥ ಆಗುವ ತನಕ 1915ರ ದೂರನ್ನು ಮುಚ್ಚಲು ಒಪ್ಪಿಗೆ ಕೊಡಬೇಡಿ.